ಹಳೇ ಮಾರುತಿ ಈಕೋ ಕಾರ್ಗೋ ವ್ಯಾನ್ ತಗೊಳ್ಳೋರು ಏನೇನ್ ನೋಡ್ಬೇಕು, ರಿಪೇರಿಗೆ ಎಷ್ಟ್ ಬೀಳುತ್ತೆ

ದಾವಣಗೆರೆಲಿ ಸೆಕೆಂಡ್ ಹ್ಯಾಂಡ್ ವ್ಯಾನ್ ನೋಡೋಕೆ ಹೋದೋರೆಲ್ಲ ಮೊದ್ಲು ಕೇಳೋದು ಎಷ್ಟ್ ಕಿಲೋಮೀಟರ್ ಓಡೈತೆ ಅಂತ. ಅದನ್ನ ಆಮೇಲೆ ಕೇಳ್ರಿ, ಮೀಟರ್ ತಿರುಗಿಸೋದೇನು ದೊಡ್ಡ ವಿದ್ಯೆ ಅಲ್ಲ. ಗಾಡಿ ಇಷ್ಟ್ ದಿನ ಏನ್ ಲೋಡ್ ಹೊಡೀತಿತ್ತು ಅನ್ನೋದನ್ನ ಮೊದ್ಲು ತಿಳ್ಕೊಳ್ರಿ. ಮಂಡಕ್ಕಿ ಚೀಲ ಹೊತ್ತಿರೋ ಗಾಡಿ ಒಂದೂವರೆ ಲಕ್ಷ ಓಡಿದ್ರೂ ಹಿಂದಿನ ಸ್ಪ್ರಿಂಗು ಕ್ಲಚ್ಚು ಗಟ್ಟಿ ಇರುತ್ತೆ, ಟಾಪ್‌ವರೆಗೂ ತುಂಬಿದ್ರೂ ತೂಕ ಎಲ್ಲಿಂದ ಬರ್ಬೇಕು. ಅದೇ ಟೈಲ್ಸು ಸಿಮೆಂಟು ಹೊತ್ತಿದ್ರೆ ಅರವತ್ತು ಸಾವಿರಕ್ಕೇ ಸುಸ್ತು. ಇನ್ನು ನೀರಿನ ಕ್ಯಾನು, ಹಾಲು, ಮೀನು ಹೊಡ್ದಿರೋ ಗಾಡಿ ಇಂಜಿನ್ ಎಷ್ಟೇ ಚೆನ್ನಾಗಿದ್ರೂ ತಳ ತುಕ್ಕು ತಿಂದಿರುತ್ತೆ.

ಮಾರೋರು ಲೋಡ್ ವಿಷ್ಯ ನಿಜ ಹೇಳಲ್ಲ, ಅದನ್ನ ಗಾಡಿನೇ ಹೇಳುತ್ತೆ. ಹಿಂದಿನ ಮ್ಯಾಟ್ ಪೂರ್ತಿ ಎತ್ತಿಸ್ರಿ, "ಅಂಟಿಸಿಬಿಟ್ಟಿದೀವಿ ಅಣ್ಣ" ಅಂದ್ರೂ ಬಿಡ್ಬೇಡ್ರಿ. ಸ್ಲೈಡಿಂಗ್ ಡೋರ್ ಕೆಳಗಿನ ಅಂಚು, ಹಿಂದಿನ ಚಕ್ರದ ಮೇಲಿನ ಉಬ್ಬು, ಡಿಕ್ಕಿ ಬಾಗ್ಲಿನ ತಳ, ಈ ಮೂರು ಕಡೆ ಸ್ಕ್ರೂ ಡ್ರೈವರ್ ತುದಿಯಿಂದ ಒತ್ತಿ ನೋಡ್ರಿ. ಟಕ್ ಅಂತ ಸದ್ದು ಬಂದ್ರೆ ಶೀಟ್ ಐತೆ, ಮೆತ್ತಗೆ ಒಳಗೆ ಹೋದ್ರೆ ಮೇಲೆ ಬರೀ ಪುಟ್ಟಿ ಪೇಂಟು. ತಳಕ್ಕೆ ಶೀಟ್ ಹಾಕಿ ವೆಲ್ಡಿಂಗ್ ಮಾಡ್ಸಿದ್ರೆ ಸುಮಾರು 5ರಿಂದ 15 ಸಾವಿರ, ಆದ್ರೆ ಚಾಸಿ ಮೆಂಬರ್‌ಗೇ (ಗಾಡಿ ಭಾರ ಹೊರೋ ತಳದ ಉಕ್ಕಿನ ಪಟ್ಟಿಗೇ) ತುಕ್ಕು ಹತ್ತಿದ್ರೆ ರೇಟೇ ಕೇಳ್ಬೇಡ್ರಿ, ವಾಪಸ್ ಬಂದ್ಬಿಡ್ರಿ.

ಇಂಜಿನ್ ಮುಂದಿನ ಸೀಟ್ ಕೆಳಗೆ ಇರುತ್ತೆ, ಸೀಟ್ ಎತ್ತಿದ್ರೆ ಸಿಗುತ್ತೆ. ಬೆಳಿಗ್ಗೆನೇ ಹೋಗ್ರಿ, ಹೋದ ತಕ್ಷಣ ಕೈ ಹತ್ರ ಹಿಡ್ದು ನೋಡ್ರಿ, ಬಿಸಿ ಹೊಡೀತಿದ್ರೆ ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿ ಇಟ್ಟಿದಾರೆ ಅಂತ ಅರ್ಥ, ತಣ್ಣಗಾಗೋವರ್ಗೂ ಕಾಯ್ರಿ. ಆಯಿಲ್ ಹಾಕೋ ಕ್ಯಾಪ್ ತೆಗ್ದಾಗ ಒಳಗೆ ಬೆಣ್ಣೆ ತರ ಗಟ್ಟಿ ಮೆತ್ಕೊಂಡಿದ್ದು, ಕೂಲಂಟೂ ಕಮ್ಮಿ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಅನುಮಾನ, ಹೆಡ್ ಫೇಸಿಂಗ್ (ಹೆಡ್ ತಳ ಸಪಾಟು ಮಾಡೋದು) ಸೇರಿ 8–12 ಸಾವಿರ. ಸೈಲೆನ್ಸರಲ್ಲಿ ನೀಲಿ ಹೊಗೆ ಬಿಡದಂಗೆ ಬರ್ತಿದ್ರೆ ಆಯಿಲ್ ಸುಡ್ತಾ ಐತೆ, ಫುಲ್ ಇಂಜಿನ್ ಕೆಲ್ಸ ಅಂದ್ರೆ 35–50 ಸಾವಿರ ಹೋಯ್ತು. ಓಮ್ನಿ ತಗೊಳ್ಳೋರು (ಅದು 2019ರಲ್ಲೇ ನಿಂತೋಯ್ತು) ಇಂಜಿನ್ನಿನ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ರು ಅಂತ ಕೇಳ್ರಿ.

ಊರೊಳಗೆ ಎರಡು ರೌಂಡ್ ಹೊಡ್ದು ಓಕೆ ಅನ್ಬೇಡ್ರಿ, ಊರೆಲ್ಲಾ ಸಪಾಟು, ಏನೂ ಗೊತ್ತಾಗಲ್ಲ. ಹೈವೇಲಿ ಆನಗೋಡುವರ್ಗೂ ಹೋಗಿ ಬರ್ರಿ, ಟೆಂಪರೇಚರ್ ಏರುತ್ತಾ, ಗಾಡಿ ಒಂದು ಕಡೆ ಎಳೆಯುತ್ತಾ ನೋಡ್ರಿ. ಫ್ಲೈಓವರ್ ಹತ್ತೋವಾಗ ಮೇಲಿನ ಗೇರಲ್ಲಿ ಆಕ್ಸಿಲೇಟರ್ ಒತ್ರಿ, ಇಂಜಿನ್ ಕೂಗ್ತಾ ಸ್ಪೀಡ್ ಏರದಿದ್ರೆ ಕ್ಲಚ್ ಮುಗೀತು, ಸೆಟ್ಟು ಮಜೂರಿ ಸೇರಿ 6–8 ಸಾವಿರ. ಗೇರ್ ಹಾಕಿ ಬಿಡೋವಾಗ ಕೆಳಗಡೆ ಟಣ್ ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ (ಇಂಜಿನ್ ಶಕ್ತಿನ ಹಿಂದಿನ ಚಕ್ರಕ್ಕೆ ಒಯ್ಯೋ ರಾಡು) ಕ್ರಾಸ್ ಜಾಯಿಂಟ್ ಹೋಗಿರುತ್ತೆ, ಸಾವಿರದೊಳಗೆ ಮುಗಿಯೋ ಕೆಲ್ಸ, ಆದ್ರೆ ಸ್ಪೀಡ್ ಏರಿದಂಗೆ ಹಿಂದಿಂದ ಗುಂಯ್ ಅಂತ ಕೂಗಿದ್ರೆ ಡಿಫ್ರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರು), ಅದು ಸಾವಿರದಲ್ಲಿ ಮುಗಿಯಲ್ಲ. ಸ್ಲೈಡಿಂಗ್ ಡೋರ್ ರೋಲರ್ ಎಲ್ಲಾ ಗಾಡೀಲೂ ಸವೆದಿರುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡ್ರಿ. ಟೈರ್ ಪಕ್ಕ ನಾಲ್ಕಂಕಿ ನಂಬರ್ ನೋಡ್ರಿ, 2319 ಅಂದ್ರೆ 2019ರ 23ನೇ ವಾರದ್ದು, ಹಳೇದಾಗಿದ್ರೆ ನಾಲ್ಕಕ್ಕೂ ಸೇರಿ 12–14 ಸಾವಿರ ರೇಟಲ್ಲಿ ಕಡೀರಿ.

ಸಿಎನ್‌ಜಿ ಗಾಡಿ ಆದ್ರೆ ಸಿಲಿಂಡರ್‌ಗೆ ಮೂರು ವರ್ಷಕ್ಕೊಂದ್ಸಲ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗ್ಲೇಬೇಕು, ಡೇಟ್ ನೋಡ್ರಿ.

ಇಲ್ಲಿ ತುಂಬಾ ಜನ ಮೋಸ ಹೋಗೋದು ಇನ್ನೊಂದು ಕಡೆ. ವೈಟ್ ಬೋರ್ಡ್ ಐದು ಸೀಟಿನ ಈಕೋ, ಹಿಂದಿನ ಸೀಟ್ ಕಿತ್ತು ಕಾರ್ಗೋ ಅಂತ ಮಾರ್ತಾರೆ. ರೇಟ್ ಕಮ್ಮಿ ಅನ್ಸುತ್ತೆ, ಆದ್ರೆ ಬಾಡಿಗೆ ಲೋಡ್ ಹಾಕಿದ್ರೆ ಆರ್‌ಟಿಒದವ್ರು ಹಿಡೀತಾರೆ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವ್ರು ಇದೇ ನೆಪ ಹಿಡ್ದು ಕ್ಲೇಮ್‌ಗೆ ತಕರಾರು ತೆಗೀತಾರೆ. ಆರ್‌ಸಿಲಿ ಗೂಡ್ಸ್ ಕ್ಯಾರಿಯರ್ ಅಂತ ಇರ್ಬೇಕು, ಹಳದಿ ಬೋರ್ಡ್ ಇರ್ಬೇಕು. ಹಳದಿ ಬೋರ್ಡಿಗೆ ಎಂಟು ವರ್ಷ ತುಂಬೋವರ್ಗೂ ಎರಡು ವರ್ಷಕ್ಕೊಂದ್ಸಲ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ, ಹಂಗಾಗಿ ಏಳೂವರೆ ವರ್ಷದ ಗಾಡಿಗೂ ಐದು ವರ್ಷದ್ದಕ್ಕೂ ಒಂದೇ ರೇಟ್ ಹೇಳಿದ್ರೆ ಒಪ್ಬೇಡ್ರಿ.

ಕೆಎ 17 ಆಗ್ಲಿ ದುರ್ಗದ ಕೆಎ 16 ಆಗ್ಲಿ, ನಂಬರ್ ಹಾಕಿ ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ಚಲನ್ ಬಾಕಿ ಮತ್ತು ಲೋನ್ ನೋಡ್ಕೊಳ್ರಿ. ಲೋನ್ ಇದ್ರೆ ಫೈನಾನ್ಸ್‌ನವರ ಎನ್‌ಒಸಿ, ಲೋನ್ ತೀರಿತು ಅಂತ ತೋರ್ಸೋ ಫಾರ್ಮ್ 35 ಕೈಗೆ ಬರ್ಬೇಕು, "ಮುಂದಿನ ವಾರ ತಂದ್ಕೊಡ್ತೀನಿ" ಅಂದ್ರೆ ಮುಂದಿನ ವಾರನೇ ದುಡ್ಡು ಕೊಡ್ರಿ. ಗಾಡಿನ ನಿಮ್ಮ ಹೆಸರಿಗೆ ಮಾಡ್ಸೋ ಫಾರ್ಮ್ 29, 30ಕ್ಕೆ ಸೈನ್ ಬೀಳೋವರ್ಗೂ ಅಡ್ವಾನ್ಸ್ ಬಿಟ್ಟು ಒಂದ್ ರೂಪಾಯಿನೂ ಜಾಸ್ತಿ ಬೇಡ.