ಮನೆಗೆ ಸಾಮಗ್ರಿ ಆರಿಸುವ ಮುನ್ನ ನಿವೇಶನದ ಮಣ್ಣು ನೋಡಿ

ತಂಪಾದ, ಸಹಜ ಸಾಮಗ್ರಿಯ ಮನೆ ಬೇಕೆಂದು ಮೈಸೂರಿನ ಕೆಲವರು ಕರಾವಳಿಯ ಕೆಂಪುಕಲ್ಲನ್ನು ಲಾರಿಯಲ್ಲಿ ತರಿಸುತ್ತಾರೆ. ಕಲ್ಲು ಒಳ್ಳೆಯದೇ. ಆದರೆ ಅದು ಸಿಗುವ ಊರಿನಲ್ಲಿ ಮಾತ್ರ ಅಗ್ಗ. ಇಲ್ಲಿ ಗೋಡೆಗೆ ಬೇಕಾದ ಮಣ್ಣು ಬಹುಪಾಲು ನಿವೇಶನದಲ್ಲೇ ಇರುತ್ತದೆ, ಪಾಯ ತೋಡಿದಾಗ ಹೊರಬಂದ ಆ ಮಣ್ಣನ್ನು ನಾವೇ ದುಡ್ಡು ಕೊಟ್ಟು ಹೊರಗೆ ಸಾಗಿಸುತ್ತೇವೆ.

ಆದ್ದರಿಂದ ಮೊದಲ ಕೆಲಸ ಮಣ್ಣಿನ ಪರೀಕ್ಷೆ. ಬೇರು, ಗೊಬ್ಬರದ ಅಂಶವಿರುವ ಮೇಲಿನ ಒಂದಡಿ ಮಣ್ಣನ್ನು ತೆಗೆದು, ಅದರ ಕೆಳಗಿನ ಮಣ್ಣನ್ನು ನೇರ ಬದಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ, ನೀರು ಹಾಗೂ ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಮರಳು ಕೂಡಲೇ ತಳ ಸೇರುತ್ತದೆ, ಅದರ ಮೇಲೆ ನಯವಾದ ಪುಡಿ ಕೂರುತ್ತದೆ, ಮರುದಿನದ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ಜೇಡಿಯ ನುಣುಪಾದ ಪದರ ಕಾಣುತ್ತದೆ. ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವ ಮಣ್ಣಿನ ಬ್ಲಾಕಿಗೆ ಮರಳು ಸುಮಾರು ಮೂರನೇ ಎರಡು ಭಾಗ, ಜೇಡಿ ಶೇ 10ರಿಂದ 15ರಷ್ಟು ಇರಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದರೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಸೇರಿಸಿ ಹದಕ್ಕೆ ತರಬಹುದು. ನಂಜನಗೂಡು, ತಿ. ನರಸೀಪುರದ ಕಡೆ ಸಿಗುವ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಬ್ಲಾಕಿಗೆ ಒಗ್ಗುವುದಿಲ್ಲ. ಅಂಥ ನೆಲದಲ್ಲಿ ಪಾಯದ ಬಗ್ಗೆಯೂ ಎಂಜಿನಿಯರ್ ಸಲಹೆ ಪಡೆಯಲೇಬೇಕು.

ಈ ಬ್ಲಾಕುಗಳ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ದಶಕಗಳ ಕಾಲ ಕೆಲಸ ಮಾಡಿದೆ. ಸಿಮೆಂಟ್ ಶೇ 5ರಿಂದ 8ರಷ್ಟು ಸಾಕು. ಆದರೆ ಮೂರು ವಾರ ನೀರು ಚಿಮುಕಿಸಿ ನೆರಳಿನಲ್ಲಿ ಕ್ಯೂರಿಂಗ್ ಮಾಡುವುದನ್ನು ತಪ್ಪಿಸಬಾರದು. ಬ್ಲಾಕ್ ಕೊಳ್ಳುವವರು ಒಂದನ್ನು ಇಡೀ ದಿನ ನೀರಿನಲ್ಲಿ ಮುಳುಗಿಸಿಟ್ಟು ನೋಡಲಿ. ಅಂಚು ಕರಗಿ ಉಗುರಿಗೆ ಮಣ್ಣು ಹತ್ತಿದರೆ ಆ ರಾಶಿ ಬೇಡ.

ಪಾಯಕ್ಕೆ ಅಳತೆಗೆ ಒಡೆದ ಸ್ಥಳೀಯ ಸೈಜುಗಲ್ಲಿಗಿಂತ ಒಳ್ಳೆಯದು ಇಲ್ಲ. ನೆಲಮಟ್ಟದಿಂದ ಎರಡು ಅಡಿಯಾದರೂ ಕಲ್ಲಿನ ಕಟ್ಟಡ ಮೇಲೇಳಲಿ. ಗೆದ್ದಲು ಮತ್ತು ಎರಚಲು ಮಳೆ ಎರಡರಿಂದಲೂ ಗೋಡೆಯ ಬುಡಕ್ಕೆ ರಕ್ಷಣೆ ಸಿಗುತ್ತದೆ. ಮಂಡ್ಯದ ನಾಲೆ ಬಯಲಿನಲ್ಲಿ, ಗದ್ದೆಗೆ ಹತ್ತಿರವಿರುವ ಮನೆಗಳಿಗೆ ತೇವ ನೆಲದಿಂದಲೇ ಏರುವುದರಿಂದ ಇದು ಇನ್ನೂ ಮುಖ್ಯ.

ಗಾರೆಯ ವಿಷಯದಲ್ಲಿ ನಾನು ಪಾಠ ಕಲಿತದ್ದು ಶ್ರೀರಂಗಪಟ್ಟಣದ ಸಮೀಪದ ನಮ್ಮ ತಾತನ ಮನೆಯಲ್ಲಿ. ಹಳೆಯ ಮಣ್ಣಿನ ಗೋಡೆ ಗಟ್ಟಿಯಾಗಲೆಂದು ಸಿಮೆಂಟ್ ಗಾರೆ ಮಾಡಿಸಿದೆವು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಗಾರೆ ಹಪ್ಪಳದಂತೆ ಎದ್ದಿತು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು, ಒಂದು ಚಕ್ಕೆ ಕಿತ್ತಾಗ ಒಳಗಿನ ಮಣ್ಣು ಒದ್ದೆಯಾಗಿ ಉದುರಿತು. ಸಿಮೆಂಟ್ ಪದರ ಗೋಡೆಯ ತೇವವನ್ನು ಹೊರಬಿಡದೆ ಒಳಗೇ ಕಟ್ಟಿಹಾಕಿತ್ತು. ಸುಣ್ಣದ ಗಾರೆ ಆ ತೇವ ಆರಲು ಬಿಡುತ್ತದೆ. ಸುಣ್ಣ ದುರ್ಬಲವೆಂಬ ಅನುಮಾನವೂ ಬೇಡ: 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯೇ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಹಾಕಿ ವಾರಗಟ್ಟಲೆ ಕೊಳೆಯಲು ಬಿಡುವ ತಾಳ್ಮೆ, ಅದು ಗೊತ್ತಿರುವ ಮೇಸ್ತ್ರಿ, ಇವೆರಡೂ ಸಿಗಬೇಕಷ್ಟೆ.

ಕೊನೆಯದು ಚಾವಣಿ, ಶಾಖದ ದೃಷ್ಟಿಯಿಂದ ಇದೇ ಅತಿ ಮುಖ್ಯ. ಏಪ್ರಿಲ್ ಕೊನೆಯ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ಮೈಸೂರಿನ ನೆತ್ತಿಯ ಮೇಲೇ ಇರುತ್ತಾನೆ. ಬಿಸಿಲೆಲ್ಲ ಬೀಳುವುದು ತಾರಸಿಗೆ. ಮರದ ತೊಲೆಗಳ ಮೇಲೆ ಮಂಗಳೂರು ಹಂಚು ಹೊದಿಸಿ ಒಳಗಡೆ ಸೀಲಿಂಗ್ ಹಂಚು ಹಾಕಿದರೆ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ. ಮೇಲೆ ಮಹಡಿ ಕಟ್ಟುವ ಯೋಚನೆಯಿದ್ದರೆ ಕಾಂಕ್ರೀಟಿನ ಕೆಳಭಾಗದಲ್ಲಿ ಹಳೆಯ ಹಂಚು ಜೋಡಿಸುವ ಫಿಲ್ಲರ್ ಸ್ಲ್ಯಾಬ್ ಸೂಕ್ತ, ಅದರಿಂದ ಕಾಂಕ್ರೀಟೂ ಉಳಿಯುತ್ತದೆ. ನಮ್ಮಲ್ಲಿ ಮೇ ತಿಂಗಳ ಮಳೆ ಗಾಳಿಯೊಂದಿಗೆ ಓರೆಯಾಗಿ ಬಡಿಯುವುದರಿಂದ ಸೂರು ಗೋಡೆಯಿಂದ ಎರಡು ಅಡಿ ಹೊರಚಾಚಿರಲಿ.

ಬ್ಲಾಕ್ ಹಾಕಿಸುವ ಕೆಲಸವನ್ನು ಹಿಂಗಾರು ನಿಂತು ದೀಪಾವಳಿ ಕಳೆದ ಮೇಲೆ ಹಿಡಿಯಿರಿ. ಹಾಗೆ ಮಾಡಿದರೆ ಬ್ಲಾಕುಗಳು ಮಳೆಗೆ ಸಿಗದೆ ಹದವಾಗಿ ಗಟ್ಟಿಯಾಗುತ್ತವೆ, ಮೊದಲ ಬೇಸಿಗೆ ಮಳೆಗೆ ಮುಂಚೆ ಚಾವಣಿ ಮುಗಿಸಲೂ ಕಾಲಾವಕಾಶ ಸಿಗುತ್ತದೆ.