ಇನ್ನಂಜೆಯಲ್ಲಿ ಕುಗ್ಗಿದ ರೈಲು

ಉಡುಪಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ಹಲವು ವರ್ಷ ವಿಶೇಷ ಸಾಪೇಕ್ಷತೆಯನ್ನು (ವೇಗವಾಗಿ ಓಡುವ ವಸ್ತು ನಿಂತವರ ಅಳತೆಗೆ ಗಿಡ್ಡ, ಅದರ ಗಡಿಯಾರ ನಿಧಾನ ಎನ್ನುವ ಐನ್‌ಸ್ಟೈನ್ ಸಿದ್ಧಾಂತವನ್ನು) ಸೂತ್ರದ ಬಲದಿಂದಲೇ ದಾಟಿಸಿದವನು. ಸಮೀಕರಣ, ಎರಡು ಲೆಕ್ಕ, ಮುಂದಿನ ಪಾಠ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಪ್ಲಾಟ್‌ಫಾರ್ಮಿನವರಿಗೆ ರೈಲು ಗಿಡ್ಡ, ರೈಲಿನವರಿಗೆ ಪ್ಲಾಟ್‌ಫಾರ್ಮ್ ಗಿಡ್ಡ. ಇಬ್ಬರಲ್ಲಿ ತಪ್ಪು ಅಳೆದವರು ಯಾರು?" ಇಬ್ಬರೂ ಸರಿ ಎಂದೆ. ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗಂಟೆ ಹೊಡೆದು ನನ್ನ ಮಾನ ಉಳಿಯಿತು.

ಆ ಶನಿವಾರ ಮಂಗಳೂರಿಗೆ ಹೊರಟ ರೈಲು ಎದುರಿನ ಗಾಡಿಗೆ ದಾರಿ ಬಿಡಲು ಇನ್ನಂಜೆ ನಿಲ್ದಾಣದಲ್ಲಿ ನಿಂತಿತು. ಒಂದೇ ಹಳಿಯ ದಾರಿಯಲ್ಲಿ ಗಾಡಿಗಳ ಓಟವನ್ನು ನಕ್ಷೆಯಲ್ಲಿ ಓರೆಗೆರೆಗಳಾಗಿ ಎಳೆಯುತ್ತಾರೆ: ಒಂದು ಬದಿಗೆ ಸಮಯ, ಇನ್ನೊಂದು ಬದಿಗೆ ದೂರ. ಹೊತ್ತು ಹೋಗಲೆಂದು ನಾನೂ ಪುಸ್ತಕದಲ್ಲಿ ಎಳೆದೆ; ಎಂಜಿನ್ನಿಗೊಂದು ಗೆರೆ, ಕೊನೆಯ ಬೋಗಿಗೊಂದು ಗೆರೆ. ರೈಲಿನ ಉದ್ದ ಬೇಕೆಂದರೆ ಈ ಎರಡು ಗೆರೆಗಳನ್ನು ಒಂದೇ ಕ್ಷಣದಲ್ಲಿ ಕತ್ತರಿಸಬೇಕು. ಪೆನ್ನು ಅಲ್ಲಿ ನಿಂತಿತು. ಯಾರ ಒಂದೇ ಕ್ಷಣ?

ಸೋಮವಾರ ತರಗತಿಯಲ್ಲಿ ಸೂತ್ರ ಬರೆಯಲಿಲ್ಲ. 250 ಮೀಟರ್ ಉದ್ದದ ರೈಲು ಬೆಳಕಿನ ವೇಗದ ಶೇಕಡ 60ರಷ್ಟು ವೇಗದಲ್ಲಿ ಇನ್ನಂಜೆ ದಾಟುತ್ತಿದೆ ಎಂದುಕೊಳ್ಳಿ ಎಂದೆ. (ನಿಲುಗಡೆ ಇಲ್ಲ, ಸಹಜವಾಗಿಯೇ.) ಪ್ಲಾಟ್‌ಫಾರ್ಮಿನಲ್ಲಿ ಇಬ್ಬರು ಸುಣ್ಣದ ಕಡ್ಡಿ ಹಿಡಿದು ನಿಂತಿದ್ದಾರೆ. ನಡುವಿನ ದೀಪ ಹೊತ್ತಿದ ಬೆಳಕು ತಲುಪಿದ ಕೂಡಲೇ ಒಬ್ಬ ಎಂಜಿನ್ನಿನ ಮೂತಿಯ ಪಕ್ಕ, ಇನ್ನೊಬ್ಬ ಕೊನೆಯ ಬೋಗಿಯ ಪಕ್ಕ ಗೆರೆ ಎಳೆಯುತ್ತಾನೆ. ಇಬ್ಬರೂ ದೀಪದಿಂದ ಸಮದೂರ, ಆದ್ದರಿಂದ ಅವರ ಪಾಲಿಗೆ ಏಕಕಾಲ. ಗೆರೆಗಳ ನಡುವೆ 200 ಮೀಟರ್.

ರೈಲಿನೊಳಗೆ ಕುಳಿತವರು ಇದನ್ನು ಒಪ್ಪುವುದಿಲ್ಲ. ಅವರ ಕಣ್ಣಿಗೆ ಪ್ಲಾಟ್‌ಫಾರ್ಮ್ ಹಿಂದಕ್ಕೆ ಓಡುತ್ತಿದೆ. ಮುಂದಿನವನು ಬೆಳಕಿಗೆ ಎದುರಾಗಿ ಬರುತ್ತಿದ್ದಾನೆ, ಹಿಂದಿನವನು ಅದರಿಂದ ದೂರ ಸರಿಯುತ್ತಿದ್ದಾನೆ. ಬೆಳಕಿನ ವೇಗವಂತೂ ಇವರಿಗೂ ಅಷ್ಟೇ. ಹಾಗಾಗಿ ಮುಂದಿನ ಗೆರೆ ಮೊದಲು ಬಿತ್ತು, ಹಿಂದಿನದು ಅರ್ಧ ಮೈಕ್ರೊಸೆಕೆಂಡ್ (ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು) ತಡವಾಗಿ. ಅಷ್ಟರಲ್ಲಿ ಪ್ಲಾಟ್‌ಫಾರ್ಮ್ 90 ಮೀಟರ್ ಸರಿದುಬಿಟ್ಟಿತ್ತು. 250ರಲ್ಲಿ 90 ಕಳೆದರೆ 160. ರೈಲಿನವರ ಅಳತೆಯಲ್ಲಿ ಪ್ಲಾಟ್‌ಫಾರ್ಮಿನ ಆ 200 ಮೀಟರ್ ಇರುವುದೇ ಅಷ್ಟು. ನೆಲದ ಮೇಲಿನ ಎರಡು ಗೆರೆಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಅವು ಒಟ್ಟಿಗೆ ಬಿದ್ದವೇ ಎಂಬುದಷ್ಟೇ ಜಗಳ.

ನಿಧಾನವಾಗುವ ಗಡಿಯಾರದ ಮರ್ಮವೂ ಇದೇ: ಓಡುವ ಒಂದು ಗಡಿಯಾರವನ್ನು ನಿಲ್ದಾಣದ ಎರಡು ಗಡಿಯಾರಗಳೊಂದಿಗೆ ಹೋಲಿಸುತ್ತೇವೆ, ಆ ಎರಡು ಹೊಂದಿಕೊಂಡಿವೆಯೇ ಎಂಬಲ್ಲಿ ಮತ್ತೆ ಅದೇ ತಕರಾರು. ನಮ್ಮ ನಿಜವಾದ ರೈಲಿಗೆ ಇದರಿಂದ ತೊಂದರೆಯಿಲ್ಲ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ಓಡಿದರೂ ಅದರ ಗಡಿಯಾರ ಹಿಂದೆ ಬೀಳುವುದು ಸುಮಾರು 12 ಪಿಕೊಸೆಕೆಂಡ್, ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ 12 ಪಾಲು. ರೈಲು ಕುಗ್ಗುವುದು ಪರಮಾಣುವಿನ ಅಗಲದ ನೂರರಲ್ಲಿ ಒಂದು ಪಾಲು.

ಹುಡುಗಿಗೆ ಇನ್ನೂ ಸಮಾಧಾನವಿಲ್ಲ. "ಲೆಕ್ಕ ಸರಿ, ಯಾರಾದರೂ ನೋಡಿದ್ದಾರೆಯೇ?" ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದಲ್ಲಿ ಭೌತವಿಜ್ಞಾನಿಗಳಾದ ಫ್ರಿಶ್ ಮತ್ತು ಸ್ಮಿತ್ ಮಾಡಿ 1963ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಿದೆ. ಆ ಬೆಟ್ಟ ಹೆಚ್ಚುಕಡಿಮೆ ನಮ್ಮ ಕುದುರೆಮುಖದಷ್ಟೇ ಎತ್ತರ. ಆಕಾಶದಿಂದ ಬಹುತೇಕ ಬೆಳಕಿನ ವೇಗದಲ್ಲಿ ಸುರಿಯುವ ಮ್ಯೂಆನ್ ಎಂಬ ಕಣಗಳ ಸರಾಸರಿ ಆಯುಸ್ಸು 2.2 ಮೈಕ್ರೊಸೆಕೆಂಡ್, ಮೇಲಿನಿಂದ ಕಡಲ ಮಟ್ಟಕ್ಕೆ ಇಳಿಯಲು 6 ಮೈಕ್ರೊಸೆಕೆಂಡಿಗೂ ಹೆಚ್ಚು ಬೇಕು. ಮೇಲೆ ಗಂಟೆಗೆ ಸುಮಾರು 563 ಎಣಿಸಿದ್ದರು. ಗಡಿಯಾರ ನಿಧಾನವಾಗದ ಹಳೆಯ ಲೆಕ್ಕದಂತೆ ಕೆಳಗೆ 27 ಉಳಿಯಬೇಕಿತ್ತು. ಸಿಕ್ಕಿದ್ದು 408. ನಮ್ಮ ಪಾಲಿಗೆ ಅವುಗಳ ಗಡಿಯಾರ ಸುಮಾರು ಒಂಬತ್ತು ಪಟ್ಟು ನಿಧಾನ.

ಅವಳು ಪುಸ್ತಕದಲ್ಲಿ ಏನೋ ಭಾಗಿಸುತ್ತಿದ್ದಳು. "ಹಾಗಾದರೆ ಮ್ಯೂಆನಿಗೆ ಕುದುರೆಮುಖ ಇನ್ನೂರು ಮೀಟರ್ ಚಿಲ್ಲರೆ," ಎಂದಳು. "ಹತ್ತುವುದಾದರೆ ಹಾಗೆ ಹತ್ತಬೇಕು."