ಅಯೋಡಿನ್ ಥೆರಪಿ ವಾರ್ಡಿಗೆ ನರ್ಸ್‌ಗಳನ್ನು ತಯಾರು ಮಾಡುವುದು ಹೇಗೆ

ಈ ವಾರ್ಡಿನಲ್ಲಿ ಥೈರಾಯ್ಡ್ ರೋಗಿಗಳಿಗೆ ವಿಕಿರಣ ಸೂಸುವ ಅಯೋಡಿನ್ (ಅಯೋಡಿನ್-131) ಕೊಡುತ್ತಾರೆ. ಹೊಸದಾಗಿ ಬಂದ ನರ್ಸ್‌ಗಳನ್ನು ಕೂರಿಸಿ ಸುಮ್ನೆ ಸ್ಲೈಡ್ ತೋರಿಸಬೇಡಿ. ಮೊದಲು ಕೈಗೆ ಸರ್ವೇ ಮೀಟರ್, ಅಂದರೆ ವಿಕಿರಣ ಅಳೆಯುವ ಯಂತ್ರ, ಕೊಡಿ. ರೇಡಿಯೇಷನ್ ಸೇಫ್ಟಿ ಆಫೀಸರ್ ಒಂದು ಚಿಕ್ಕ ಟೆಸ್ಟ್ ಸೋರ್ಸ್ (ಅಭ್ಯಾಸಕ್ಕೆಂದು ಸ್ವಲ್ಪವೇ ವಿಕಿರಣ ಸೂಸುವ ವಸ್ತು) ಇಟ್ಟುಕೊಂಡು ಪಕ್ಕದಲ್ಲಿರಲಿ. ದೂರ ಎರಡು ಪಟ್ಟಾದರೆ ರೀಡಿಂಗ್ ಸುಮಾರು ಕಾಲು ಭಾಗಕ್ಕೆ ಇಳಿಯುವುದನ್ನು ಅವರೇ ನೋಡಲಿ. ಒಮ್ಮೆ ನೋಡಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ, ಮಂಚಕ್ಕೆ ಒರಗಿಕೊಂಡು ಮಾತಾಡುವ ಅಭ್ಯಾಸವೂ ಬಿಡುತ್ತದೆ.

ಆಮೇಲೆ ಎರಡು ಅಪಾಯಗಳನ್ನು ಬೇರೆ ಬೇರೆಯಾಗಿ ಹೇಳಿಕೊಡಿ. ಒಂದು, ರೋಗಿಯ ಮೈಯಿಂದ ಬರುವ ಗಾಮಾ ಕಿರಣ. ಅಯೋಡಿನ್-131ರ ಮುಖ್ಯ ಗಾಮಾದ ಶಕ್ತಿ 364 ಕೆಇವಿ (ಕಿರಣದ ಶಕ್ತಿಯ ಅಳತೆ), ಹಾಗಾಗಿ ಎಕ್ಸ್‌ರೇ ರೂಮಿನ ತೆಳು ಸೀಸದ ಏಪ್ರನ್ ಅದನ್ನು ಹೆಚ್ಚೇನೂ ತಡೆಯುವುದಿಲ್ಲ. ಇಲ್ಲಿ ಕಾಯುವುದು ದೂರ, ಕಡಿಮೆ ಸಮಯ, ದಪ್ಪ ಸೀಸದ ತಡೆ. ಇನ್ನೊಂದು, ಮೂತ್ರ, ಎಂಜಲು, ಬೆವರು, ವಾಂತಿಯಲ್ಲಿ ಹೊರಬರುವ ಅಯೋಡಿನ್. ಅದು ಕೈಗೆ ಅಂಟಿ, ಬಾಯಿಗೆ ಹೋಗಿ, ನಿಮ್ಮದೇ ಥೈರಾಯ್ಡ್‌ನಲ್ಲಿ ಕೂರಬಹುದು. ಗ್ಲೌಸ್, ಗೌನ್, ಶೂ ಕವರ್ ಇರುವುದು ಇದಕ್ಕೆ. ಈ ವ್ಯತ್ಯಾಸ ತಲೆಗೆ ಹೋಗದಿದ್ದರೆ ಉಳಿದ ನಿಯಮವೆಲ್ಲ ಬಾಯಿಪಾಠ ಅಷ್ಟೇ.

ಜಾಸ್ತಿ ಸಮಯ ಅಭ್ಯಾಸಕ್ಕೆ ಕೊಡಿ. ಬಣ್ಣದ ನೀರನ್ನು ನೆಲದ ಮೇಲೆ ಚೆಲ್ಲಿ, ಇದು ರೋಗಿಯ ಮೂತ್ರ ಅನ್ನಿ. ಮೊದಲು ಹೀರುವ ಕಾಗದ ಹಾಕಬೇಕು, ಯಾರೂ ತುಳಿಯದಂತೆ ಜಾಗ ಮುಚ್ಚಬೇಕು, ಸೇಫ್ಟಿ ಆಫೀಸರ್‌ಗೆ ಫೋನ್ ಮಾಡಬೇಕು, ಒರೆಸುವಾಗ ಅಂಚಿನಿಂದ ಒಳಕ್ಕೆ ಬರಬೇಕು. ಮುಗಿದ ಮೇಲೆ ಗ್ಲೌಸ್ ತೆಗೆಯಲು ಹೇಳಿ, ಬಾಗಿಲ ಹಿಡಿ, ಪೆನ್ನು, ಐಡಿ ಕಾರ್ಡ್ ನೋಡಿ. ಎಲ್ಲಾದರೂ ಬಣ್ಣ ಸಿಕ್ಕರೆ ಮತ್ತೆ ಮಾಡಿಸಿ. ಬೈಯಬೇಡಿ, ಕಲಿಯುವುದೇ ಹಾಗೆ.

ಡೋಸ್ ಕೊಡುವ ಮೊದಲೇ ರೋಗಿಗೆ ಎಲ್ಲ ವಿವರಿಸುವುದನ್ನೂ ರೂಢಿ ಮಾಡಿಸಿ. ಚೆನ್ನಾಗಿ ನೀರು ಕುಡಿಯಬೇಕು, ಗಂಡಸರೂ ಕೂತೇ ಮೂತ್ರ ಮಾಡಬೇಕು, ಎರಡು ಮೂರು ಸಲ ಫ್ಲಶ್ ಮಾಡಬೇಕು. ನರ್ಸ್‌ಗಳು ಬಿಪಿ, ಮಾತ್ರೆ, ಊಟ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಲು ಯೋಜನೆ ಹಾಕಿಕೊಳ್ಳಲಿ. ಉಳಿದ ಮಾತು ಇಂಟರ್‌ಕಾಮ್‌ನಲ್ಲಿ, ಆದರೆ ಆಗಾಗ ಆಡಲೇಬೇಕು. ಒಂಟಿ ರೂಮಿನಲ್ಲಿ ದಿನಗಟ್ಟಲೆ ಇರುವುದು ಕಷ್ಟ ಅಲ್ವಾ?

ಗರ್ಭಿಣಿ ನರ್ಸ್‌ಗಳನ್ನು ಈ ಕೆಲಸಕ್ಕೆ ಹಾಕಬೇಡಿ, ಗರ್ಭಿಣಿ ಎಂದು ಹಿಂಜರಿಯದೆ ಹೇಳುವ ವಾತಾವರಣವೂ ಇರಲಿ. ಮೈಗೆ ತಗುಲಿದ ವಿಕಿರಣ ಅಳೆಯುವ ಬ್ಯಾಡ್ಜ್ ಧರಿಸದೆ ಯಾರೂ ಒಳಗೆ ಹೋಗಬಾರದು. ಬಟ್ಟೆ, ಕಸ ಬೇರೆ ಚೀಲಕ್ಕೆ, ಅಳೆದು ನೋಡದೆ ಹೊರಗೆ ಹೋಗಬಾರದು. ಏಕೆಂದರೆ ಅದರಲ್ಲಿರುವ ಅಯೋಡಿನ್‌ನ ವಿಕಿರಣ ಅರ್ಧಕ್ಕೆ ಇಳಿಯಲು ಸುಮಾರು 8 ದಿನ ಬೇಕು.

ಕೊನೆಯ ಅಭ್ಯಾಸ ತುರ್ತು ಸ್ಥಿತಿಯದ್ದು. ರೋಗಿಯ ಹೃದಯ ನಿಂತರೆ ತಕ್ಷಣ ಸಿಪಿಆರ್ ಶುರು ಮಾಡಬೇಕು, ಮೀಟರ್ ಹುಡುಕುತ್ತಾ ನಿಲ್ಲಬಾರದು. ಕೈಗೆ ಸಿಕ್ಕ ಗ್ಲೌಸ್ ಹಾಕಿಕೊಂಡು ಒಳಗೆ ಹೋಗಲಿ, ಸೇಫ್ಟಿ ಆಫೀಸರ್‌ಗೆ ಇನ್ನೊಬ್ಬರು ಫೋನ್ ಮಾಡಲಿ, ಎಲ್ಲ ಮುಗಿದ ಮೇಲೆ ಒಳಗಿದ್ದ ಪ್ರತಿಯೊಬ್ಬರ ಕೈ, ಕಾಲು, ಬಟ್ಟೆ ಅಳೆಯಿರಿ.